ಒರೆಸಿ ಹಾಕುವುದೋ, ಮೇಲೆ ಹೊದಿಸುವುದೋ

ನಮ್ಮೂರಿನಲ್ಲಿ ಸದ್ದು ತನ್ನಷ್ಟಕ್ಕೆ ತಾನು ಆಗುವಂಥದ್ದಲ್ಲ. ಹಳೆಯ ಸುಂಕದ ಕಟ್ಟೆಯ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇದೆ. ಯಾರ ದನಿ, ಯಾವುದರ ಸದ್ದು ಅದರೊಳಗೆ ಸೇರಿದೆಯೋ ಅವಕ್ಕೆ ಮಾತ್ರ ಊರಿನಲ್ಲಿ ಸದ್ದಿದೆ. ಸೇರದಿದ್ದವರು ಎಷ್ಟೇ ಗಂಟಲು ಹರಿದುಕೊಂಡರೂ ತುಟಿ ಆಡುವುದಷ್ಟೇ ಕಾಣುತ್ತದೆ. ಹೊರಗಿನವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ನಮಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣುವುದಿಲ್ಲ. ಬೇರೆ ಊರಿನಲ್ಲಿ ನೀರಿಗೆ ನಲ್ಲಿ ಇರುವ ಹಾಗೆ ನಮ್ಮಲ್ಲಿ ಸದ್ದಿಗೆ ಕಂಪ್ಯೂಟರ್, ಅಷ್ಟೇ.

ಅದನ್ನು ನೋಡಿಕೊಳ್ಳುವವಳು ನಾನು, ಅಂಬವ್ವ. ಮೊದಲು ನಮ್ಮ ಯಜಮಾನರು ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಊರಿನವರು ಬೀಗದ ಕೈ ತಂದು ನನ್ನ ಉಡಿಗೆ ಹಾಕಿದರು. ಕೀಬೋರ್ಡ್ ಮುಟ್ಟುವ ಕೈ ಒಂದೇ ಮನೆಯದಾಗಿರಬೇಕು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಮಗ ಶಿವಪುತ್ರ ಬಸ್ಸಿನ ಕಂಡಕ್ಟರ್, ಹೊತ್ತು ಹುಟ್ಟುವ ಮುಂಚೆ ಮನೆ ಬಿಡುವವನು. ಹಾಗಾಗಿ ಆ ಕೋಣೆಯ ಧೂಳು ಹೊಡೆಯುವುದರಿಂದ ಹಿಡಿದು ಪಾಸ್‌ವರ್ಡ್ ನೆನಪಿಡುವವರೆಗೆ ಎಲ್ಲವೂ ನನ್ನ ಪಾಲಿಗೆ ಬಂತು. ನಾನೇನೂ ಬೇಸರಪಟ್ಟುಕೊಳ್ಳಲಿಲ್ಲ. ಊರಿನ ಬಾಯೆಲ್ಲ ನನ್ನ ಕೈಯಲ್ಲಿದೆ ಎಂದರೆ ಯಾರಿಗೆ ಬೇಡ.

ಕೆಲವು ವರ್ಷಗಳ ಹಿಂದೆ ಕಂಪ್ಯೂಟರ್ ತುಂಬಿಹೋಯಿತು. ಹೊಸದಾಗಿ ಏನು ಸೇರಿಸಲು ಹೋದರೂ ಪರದೆಯ ಮೇಲೆ ‘ಜಾಗವಿಲ್ಲ’ ಎಂದು ಬರುತ್ತಿತ್ತು. ಆಗುವುದೂ ಹಾಗೆಯೇ. ನಮ್ಮೂರಿನವರು ಸತ್ತವರ ಸದ್ದನ್ನು ತೆಗೆಯಲು ಬಿಡುವುದಿಲ್ಲ. ಮನುಷ್ಯ ಹೋದ ಮೇಲೂ ಅವನ ಸದ್ದು ತನ್ನ ಹೊತ್ತಿಗೆ ಸರಿಯಾಗಿ ಬರುತ್ತಲೇ ಇರುತ್ತದೆ. ಯಾರದೋ ಅಜ್ಜನ ಸೀನು, ಯಾರದೋ ಅತ್ತೆಯ ಬೀಸುಕಲ್ಲು, ಎಂದೋ ಮುಚ್ಚಿದ ಗರಡಿಮನೆಯ ತೊಡೆ ತಟ್ಟುವ ಸದ್ದು, ಎಲ್ಲವೂ ಒಳಗೇ ಕುಳಿತಿವೆ. ಒಮ್ಮೆ ಧೈರ್ಯ ಮಾಡಿ, ವಾರಸುದಾರರೇ ಇಲ್ಲದ ಒಬ್ಬ ಹಜಾಮನ ಗೊರಕೆಯನ್ನು ಅಳಿಸಿದೆವು. ಅದರ ಜೊತೆಗೆ ಹಿಟ್ಟಿನ ಗಿರಣಿಯ ಸದ್ದೂ ಹೋಯಿತು. ಒಳಗೆ ಯಾವುದು ಯಾವುದಕ್ಕೆ ಗಂಟು ಬಿದ್ದಿದೆಯೋ ಯಾರಿಗೂ ತಿಳಿಯದು. ಅಂದಿನಿಂದ ಅದರ ತಂಟೆಗೆ ಯಾರೂ ಹೋಗಲಿಲ್ಲ.

ಜನ ಹೇಗೋ ಹೊಂದಿಕೊಂಡರು. ಹೊಸ ಕುಕ್ಕರ್ ಕೂಗುವುದಿಲ್ಲವೆಂದು ಹಳೆಯ ಕುಕ್ಕರಿಗೆ ಹೆಣ್ಣುಮಕ್ಕಳು ಜಗಳವಾಡಿ ಪಾಲು ಕೇಳತೊಡಗಿದರು. ಹೊಸ ಬಸ್ಸಿನ ಹಾರನ್ನಿಗೆ ಸದ್ದಿಲ್ಲದ್ದರಿಂದ ಶಿವಪುತ್ರ ಕೆಂಪು ಬಟ್ಟೆ ಬೀಸುತ್ತ ಅದರ ಮುಂದೆ ನಡೆದುಕೊಂಡು ಬರುತ್ತಾನೆ. ಕಷ್ಟವಾದದ್ದು ಹೊಸದಾಗಿ ಬಂದ ಸೊಸೆಯರಿಗೆ ಮತ್ತು ಹುಟ್ಟಿದ ಕೂಸುಗಳಿಗೆ. ಕೂಸು ಅತ್ತರೆ ಕೇಳುವುದಿಲ್ಲ. ಅದಕ್ಕೇ ಬಾಣಂತಿಯರು ಕೂಸಿನ ಕಾಲಿನಿಂದ ತಮ್ಮ ಕಾಲ ಹೆಬ್ಬೆರಳಿಗೆ ದಾರ ಕಟ್ಟಿಕೊಂಡು ಮಲಗುತ್ತಾರೆ. ಕೂಸು ಒದ್ದರೆ ದಾರ ಎಳೆಯುತ್ತದೆ, ಎಚ್ಚರವಾಗುತ್ತದೆ. ಇನ್ನು ಸೊಸೆಯರಿಗೆ ಕಾಲುವೆಯ ಆಚೆ ದಂಡೆಯೇ ಗತಿ. ಸೇತುವೆ ದಾಟಿದರೆ ಕಂಪ್ಯೂಟರಿನ ಹಂಗಿಲ್ಲ, ಯಾರ ಬಾಯಿ ಅವರದು. ಹೊಸ ಜೋಡಿಗಳು ಸಂಜೆ ಹೊತ್ತು ಮಾತಾಡಲು ಅಲ್ಲಿಗೆ ಹೋಗುತ್ತವೆ. ಜಗಳಕ್ಕೂ ಅದೇ ಜಾಗ. ‘ದಂಡಿಗೆ ಬಾ, ನೋಡ್ಕೊಂತೀನಿ’ ಎನ್ನುವುದು ನಮ್ಮಲ್ಲಿ ದೊಡ್ಡ ಬೆದರಿಕೆ.

ನನ್ನ ಸೊಸೆ ಮಂದಾಕಿನಿ ಬಂದದ್ದು ಜಾಗ ತುಂಬಿದ ಮೇಲೆಯೇ. ಅವಳ ತವರಿನವರು ಸಂತೆಯಿಂದ ಸಂತೆಗೆ ಹೋಗಿ ಬಟ್ಟೆ ಕೂಗಿ ಮಾರುವ ಜನ. ಆ ಮನೆಯ ಹುಡುಗಿಗೆ ನಮ್ಮೂರಿನಲ್ಲಿ ಬಾಯಿ ಇಲ್ಲದಂತಾಯಿತು. ಆದರೆ ಮಾತಾಡುವುದನ್ನು ಮಾತ್ರ ಅವಳು ಬಿಡಲಿಲ್ಲ. ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ, ಯಾವಾಗಲೂ ತುಟಿ ಆಡುತ್ತಲೇ ಇರುತ್ತಿದ್ದವು. ಆ ತುಟಿ ಓದುವುದನ್ನು ನಾನು ಕಲಿತಿದ್ದೆ. ನನಗೆ ಬೇಕಾದಾಗ ಓದುತ್ತಿದ್ದೆ, ಬೇಡವಾದಾಗ ಬೆನ್ನು ತಿರುಗಿಸುತ್ತಿದ್ದೆ. ಖಾನಾವಳಿ ತಾಯಕ್ಕ ನನ್ನನ್ನು ಕಂಡಾಗಲೆಲ್ಲ ಕಾಲೆಳೆಯುತ್ತಿದ್ದಳು.

“ನಿನ್ನ ನಸೀಬ ದೊಡ್ಡದ ಅಂಬಕ್ಕ. ಎದುರು ಮಾತಾಡದಂಥಾ ಸೊಸಿ ಸಿಕ್ಕಾಳ.”

“ಹೌದವಾ, ಬೇಕಂದ್ರ ನಿನಗೂ ಒಂದು ನೋಡ್ತೀನಿ” ಎಂದು ನಾನೂ ನಗುತ್ತಿದ್ದೆ.

ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಬಾಗಿಲಲ್ಲಿ ಯಜಮಾನರ ಸದ್ದು ಬರುತ್ತಿತ್ತು. ಮೊದಲು ಚಪ್ಪಲಿ ಬಿಡುವ ಸದ್ದು, ಆಮೇಲೆ ಒಳಗೆ ಹೆಂಗಸರಿದ್ದಾರೆಂದು ಗಂಟಲು ಸರಿಮಾಡಿಕೊಳ್ಳುವ ಒಂದು ಕೆಮ್ಮು. ನಾನು ಹೊರಬಾಗಿಲಿಗೆ ಮುಖ ಮಾಡಿ ಕುಳಿತು ಅದನ್ನು ಕೇಳುತ್ತಿದ್ದೆ. ಕೇಳಿದ ಮೇಲೆ ಎದ್ದು ಹಿತ್ತಲಿನ ಹಂಡೆಯಿಂದ ಒಂದು ತಂಬಿಗೆ ಬಿಸಿನೀರು ತಂದು ಹೊಸ್ತಿಲ ಬಳಿ ಇಡುತ್ತಿದ್ದೆ. ಕಾಲು ತೊಳೆಯಲು ಯಾರೂ ಬರುವುದಿಲ್ಲವೆಂದು ನನಗೆ ಗೊತ್ತಿಲ್ಲದೆ ಏನಿಲ್ಲ. ಆದರೂ ಆ ಕೆಮ್ಮು ಕೇಳದಿದ್ದರೆ ನನಗೆ ದಿನ ಮುಗಿದಂತಾಗುತ್ತಿರಲಿಲ್ಲ.

ಹೀಗೇ ನಡೆದುಹೋಗುತ್ತಿತ್ತು. ಆದರೆ ಈಚೆಗೆ ಸದ್ದುಗಳು ತಡವಾಗಿ ಬರತೊಡಗಿದವು. ಪೂಜಾರಿ ಗಂಟೆ ಬಾರಿಸಿ, ಪ್ರಸಾದ ಹಂಚಿ, ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಗುಡಿಯ ಗಂಟೆ ಕೇಳಿಸುತ್ತಿತ್ತು. ಅನ್ನ ಸೀದು ಕಪ್ಪಾದ ಮೇಲೆ ಕುಕ್ಕರ್ ಕೂಗುತ್ತಿತ್ತು. ಅಂಗಡಿಯಲ್ಲಿ ಒಬ್ಬ ಕೇಳಿದ್ದು ಮುಂದಿನವನ ಬಾಯಿಗೆ ಬಂದು, ಬೆಲ್ಲ ಬೇಕಾದವನಿಗೆ ಸೀಮೆಎಣ್ಣೆ ಸಿಗುತ್ತಿತ್ತು. ಕಂಪ್ಯೂಟರ್ ಕೊಟ್ಟ ಕಂಪನಿಗೆ ಹೇಳಿ ಕಳಿಸಿದೆವು. ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ತಾವು ಇನ್ನು ಕೈ ಹಚ್ಚುವುದಿಲ್ಲ, ಹೊಸದನ್ನು ಹಾಕಲೇಬೇಕು ಎಂದು ತಿಳಿಸಿ ಅವರು ವಿಶ್ವಜಿತ್ ಎಂಬ ಇಂಜಿನಿಯರನ್ನು ಕಳಿಸಿದರು.

ಆ ಹುಡುಗ ಕೋಣೆಯಲ್ಲಿ ಕುಳಿತು ಏನೇನೋ ನೋಡಿ, ನಮ್ಮ ಕಡೆ ತಿರುಗಿ ಬಹಳ ಹೊತ್ತು ವಿವರಿಸಿದ. ನಮಗೆ ಒಂದಕ್ಷರವೂ ಕೇಳಿಸಲಿಲ್ಲ, ಅವನ ದನಿ ಒಳಗೆ ಇರಲಿಲ್ಲವಲ್ಲ. ಚೇರ್ಮನ್ ಗದಿಗೆಪ್ಪಗೌಡರು ಅವನ ತೋಳು ಹಿಡಿದು ಸೇತುವೆಯ ಕಡೆ ನಡೆಸಿದರು. ಊರೆಲ್ಲ ಹಿಂದೆ ಹೊರಟಿತು. ಆಚೆ ದಂಡೆಯಲ್ಲಿ ಬೇವಿನ ಮರದ ಕೆಳಗೆ ಸಭೆ ಕೂಡಿತು.

“ಮೂರು ದಾರಿ ಇದೆ” ಎಂದ ವಿಶ್ವಜಿತ್. “ಮೊದಲನೇದು, ಹಳೇದರ ಮೇಲೇ ಹೊಸದನ್ನ ಹೊದಿಸೋದು. ಇರೋ ಸದ್ದೆಲ್ಲ ಹಾಗೇ ಉಳಿಯುತ್ತೆ, ತಡ ಆಗೋದೂ ನಿಲ್ಲುತ್ತೆ. ಆದರೆ ಹಳೇ ಪಟ್ಟಿನೇ ಮುಂದುವರಿಯೋದರಿಂದ ಜಾಗ ಹೆಚ್ಚಾಗಲ್ಲ. ಎರಡನೇದು, ಪೂರ್ತಿ ಒರೆಸಿ ಹೊಸದಾಗಿ ಹಾಕೋದು. ಜಾಗ ಬೇಕಾದಷ್ಟು ಸಿಗುತ್ತೆ. ಆದರೆ ಎಲ್ಲರೂ ಮತ್ತೆ ಬಂದು ತಮ್ಮ ತಮ್ಮ ಸದ್ದು ಕೊಡಬೇಕು.”

“ಹಳೇ ಸದ್ದು ಬ್ಯಾರೆ ಕಡೆ ತಗದಿಟ್ಟು, ಆಮ್ಯಾಲೆ ಹಾಕಾಕ ಬರಂಗಿಲ್ಲೇನು?” ಎಂದು ಗೌಡರು ಕೇಳಿದರು.

“ಹಳೇದನ್ನ ಹೊಸದು ಓದಲ್ಲ ಸಾರ್. ಕೊಡೋರು ಎದುರಿಗೆ ನಿಂತು ಕೊಟ್ಟರೆ ಮಾತ್ರ ತಗೊಳ್ಳುತ್ತೆ.”

ಎದುರಿಗೆ ನಿಂತು ಕೊಡಲಾರದವರು ಪ್ರತಿಯೊಬ್ಬರ ಮನೆಯಲ್ಲೂ ಇದ್ದರು. ತಾಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಅವಳ ಒಬ್ಬಳೇ ಮಗಳು ಚಿಕ್ಕ ವಯಸ್ಸಿನಲ್ಲಿ ಜ್ವರದಿಂದ ಹೋದವಳು. ದಿನಾ ಬೆಳಿಗ್ಗೆ ಖಾನಾವಳಿಯ ಅಂಗಳದಲ್ಲಿ ಆ ಮಗುವಿನ ಕಾಲ್ಗೆಜ್ಜೆ ಓಡಾಡುತ್ತದೆ. ಅದು ನಿಂತ ಮೇಲೆಯೇ ತಾಯಕ್ಕ ಒಲೆ ಹೊತ್ತಿಸುವುದು.

“ಮೂರನೇದೇನು?” ಎಂದರು ಗೌಡರು.

“ಹಳೇದನ್ನ ಒಂದು ಕಡೆ ಒತ್ತಿ ಇಟ್ಟು, ಪಕ್ಕದಲ್ಲೇ ಹೊಸದನ್ನೂ ಹಾಕೋದು. ಬೆಳಿಗ್ಗೆ ಆನ್ ಮಾಡೋವಾಗ ಯಾವುದು ಬೇಕೋ ಆರಿಸ್ಕೋಬಹುದು. ಆದರೆ ಎರಡೂ ಒಟ್ಟಿಗೆ ನಡೆಯಲ್ಲ.”

ಇದು ಕೆಲವರಿಗೆ ಹಿಡಿಸಿತು. ಒಂದು ದಿನ ಸತ್ತವರಿಗೆ, ಒಂದು ದಿನ ಇದ್ದವರಿಗೆ ಎಂದು ಯಾರೋ ಆಗಲೇ ವಾರ ಹಂಚತೊಡಗಿದರು. ಆಗ ಹೊಲಿಗೆ ಮಾಡುವ ಶಮಶಾದ್ ಎದ್ದು ನಿಂತಳು. ಅವಳ ಕಂಕುಳಲ್ಲಿ ಹಸುಗೂಸಿತ್ತು.

“ಅಂದ್ರ ನನ್ನ ಕೂಸು ಒಂದು ದಿನ ಅಳಬೇಕು, ಇನ್ನೊಂದು ದಿನ ಅಳಬಾರದು. ಇದನ್ನ ಅದಕ್ಕ ಯಾರು ತಿಳಿಸಿ ಹೇಳ್ತೀರಿ, ನೀವಾ ಗೌಡ್ರ?”

ನಗೆ ಎದ್ದಿತು. ಮೂರನೆಯ ದಾರಿ ಆ ನಗೆಯಲ್ಲೇ ಕೊಚ್ಚಿಹೋಯಿತು. ಉಳಿದ ಎರಡರಲ್ಲಿ ಹೆಚ್ಚಿನ ಚರ್ಚೆ ನಡೆಯಲಿಲ್ಲ. ಮೇಲೆ ಹೊದಿಸುವುದಕ್ಕೆ ಒಪ್ಪುವವರು ಕೈ ಎತ್ತಿ ಎಂದರು ಗೌಡರು. ಜೋಳದ ಹೊಲದ ಹಾಗೆ ಕೈಗಳು ಎದ್ದವು. ನಾನೂ ಎತ್ತಿದೆ. ಸಂಜೆಯ ಕೆಮ್ಮನ್ನು ಬಿಟ್ಟುಕೊಡುವುದು ನನ್ನಿಂದ ಆಗದ ಮಾತಾಗಿತ್ತು.

ತಿರುಗಿ ಬರುವಾಗ ಸೊಸೆ ಮಂದಾ ನನ್ನ ಪಕ್ಕದಲ್ಲಿ ನಡೆಯುತ್ತಿದ್ದಳು. ಅವಳಿಗೆ ಆಗ ದಿನ ತುಂಬುತ್ತ ಬಂದಿತ್ತು, ಸೊಂಟಕ್ಕೆ ಕೈ ಕೊಟ್ಟು ನಡೆಯುತ್ತಿದ್ದಳು. ಸಭೆಯಲ್ಲಿ ತುಟಿ ಬಿಚ್ಚದವಳು ಸೇತುವೆಯ ಹತ್ತಿರ ಬಂದಾಗ ಬಾಯಿ ತೆರೆದಳು.

“ಅತ್ತಿ, ನೀವೂ ಕೈ ಎತ್ತಿದ್ರಿ. ಎತ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಎತ್ತೂ ಮುಂಚೆ ಒಮ್ಮೆ ನನ್ನ ಕಡೆ—”

ಅಷ್ಟರಲ್ಲಿ ಅವಳ ಕಾಲು ಸೇತುವೆಯ ಮೇಲಿತ್ತು. ಮಾತು ಅಲ್ಲಿಗೇ ನಿಂತಿತು, ತುಟಿ ಮಾತ್ರ ಮುಂದುವರಿಯಿತು. ನಾನು ಕಾಲುವೆಯ ನೀರು ನೋಡುತ್ತ ನಡೆದೆ.

ವಿಶ್ವಜಿತ್ ಮಾರನೆಯ ದಿನವೇ ಹೊದಿಸಿಬಿಡುತ್ತೇನೆಂದು ಕೈಸನ್ನೆ ಮಾಡಿ ಪ್ರವಾಸಿ ಮಂದಿರಕ್ಕೆ ಹೋದ. ಸಂಜೆಯಾಯಿತು. ನಾನು ಎಂದಿನಂತೆ ದೀಪ ಹಚ್ಚಿ ಹೊರಬಾಗಿಲಿಗೆ ಮುಖ ಮಾಡಿ ಕುಳಿತೆ. ಎಲ್ಲ ಸದ್ದೂ ತಡವಾಗುತ್ತಿದ್ದ ದಿನಗಳಲ್ಲವೇ, ಚಪ್ಪಲಿಯ ಸದ್ದು ಬೇಗ ಬರಲಿಲ್ಲ. ಕತ್ತಲು ದಟ್ಟವಾಗುತ್ತ ಬಂತು. ನಾನು ಅಲುಗಾಡದೆ ಕಾದೆ. ಕೊನೆಗೆ ಬಂತು. ಚಪ್ಪಲಿ, ಆಮೇಲೆ ಕೆಮ್ಮು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ತಂಬಿಗೆ ತೆಗೆದುಕೊಂಡು ನೀರಿಗೆಂದು ಹಿತ್ತಲಿಗೆ ಹೋದೆ.

ಬಚ್ಚಲಿನ ಕಲ್ಲಿನ ಮೇಲೆ ಮಂದಾ ಬಿದ್ದಿದ್ದಳು. ಕಾಲು ಜಾರಿ ಮಗ್ಗುಲಾಗಿ ಬಿದ್ದವಳಿಗೆ ಏಳಲು ಆಗಿರಲಿಲ್ಲ. ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು, ಇನ್ನೊಂದು ಕೈಯಿಂದ ಕಲ್ಲನ್ನು ಬಡಿಯುತ್ತಿದ್ದಳು. ಆ ಕಲ್ಲು ಹೊಸದಾಗಿ ಹಾಸಿದ್ದು, ಅದಕ್ಕೂ ಸದ್ದಿರಲಿಲ್ಲ. ಬಾಯಿ ಪೂರಾ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿದ್ದವು. ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ. ತುಟಿ ಓದಲು ಕಷ್ಟವೇನಿರಲಿಲ್ಲ. ‘ಅತ್ತಿ’ ಎನ್ನುತ್ತಿದ್ದಳು, ಅದೊಂದೇ ಮಾತನ್ನು ಮತ್ತೆ ಮತ್ತೆ.

ದವಾಖಾನೆಯ ನರ್ಸ್ ನೋಡಿ, ತಾಯಿಗೂ ಕೂಸಿಗೂ ಏನೂ ಆಗಿಲ್ಲ, ಮಲಗಿರಲಿ ಎಂದಳು. ಮಂದಾ ಮಲಗಿದಳು. ನಾನು ಅವಳ ಕಾಲ ಬಳಿ ಕುಳಿತೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಕಂಪ್ಯೂಟರಿನ ಮೇಲೆ, ಊರಿನ ಮೇಲೆ, ಪಾಪ, ಸತ್ತುಹೋದ ಯಜಮಾನರ ಮೇಲೂ ಬಂತು. ಇಲ್ಲದವನ ಕೆಮ್ಮಿಗೆ ಕಿವಿಗೊಟ್ಟು ಬಾಗಿಲಲ್ಲಿ ಕುಳಿತಿದ್ದಾಗ, ಇರುವವಳು ಗೋಡೆಯ ಆಚೆ ನನ್ನನ್ನು ಕೂಗುತ್ತಿದ್ದಳು. ಇದು ಒಂದು ಊರು ನಡೆಯುವ ರೀತಿಯೇ? ಇನ್ನು ಸ್ವಲ್ಪ ದಿನಕ್ಕೆ ಕೂಸು ಬರುತ್ತದೆ. ಅದೂ ಕೂಗುತ್ತದೆ, ಅದನ್ನೂ ನಾನು ಕೇಳುವುದಿಲ್ಲ. ಬೆಳಗಾಗುವುದರೊಳಗೆ ನನ್ನ ತೀರ್ಮಾನವಾಗಿತ್ತು. ಒರೆಸಿ ಹಾಕುವುದೇ. ಬೇರೆ ಮಾತಿಲ್ಲ.

ಬೆಳಿಗ್ಗೆ ಗೌಡರು ವಿಶ್ವಜಿತನನ್ನು ಕರೆದುಕೊಂಡು ಸುಂಕದ ಕಟ್ಟೆಗೆ ಬಂದಾಗ ನಾನು ಬೀಗದ ಮುಂದೆ ಕುಳಿತಿದ್ದೆ.

“ಬಾಗಲಾ ತಗೀಬೇ ಅಂಬಕ್ಕ” ಎಂದರು ಗೌಡರು. ಅವರ ಮಾತು ನನಗೆ ತಲುಪುವಾಗ ಅವರು ಆಗಲೇ ಬೀಡಿ ಹಚ್ಚಿದ್ದರು.

“ಮ್ಯಾಲೆ ಹೊದಸೂದಾದ್ರ ತಗಿಯಂಗಿಲ್ರಿ.”

“ಸಭಾದಾಗ ತೀರ್ಮಾನ ಆಗೇತಿ. ನೀನೂ ಕೈ ಎತ್ತೀದಿ.”

“ಎತ್ತಿದ್ದೆ. ಈಗ ಇಳಸೇನಿ.”

“ಹಂಗಂದ್ರ ಹೆಂಗ? ಬ್ಯಾರೆ ಯಾರಿಗರ ಕೀಲಿ ಕೊಡಬೇಕಾಕ್ಕೇತಿ ನೋಡು.”

“ಕೊಡ್ರಿ. ಕೀಲಿ ಇಲ್ಲೇ ಐತಿ, ತಗೋರಿ. ಪಾಸ್‌ವರ್ಡ್ ಮಾತ್ರ ನನ್ನ ತಲ್ಯಾಗ ಐತಿ. ತಲಿ ಕೊಡಂಗಿಲ್ಲ.”

ಗೌಡರು ಕೆಟ್ಟವರೇನಲ್ಲ. ಅವರ ತಂದೆಯ ದನಿ ಪಂಚಾಯ್ತಿ ಕಟ್ಟೆಯ ಮೇಲೆ ದಿನಾ ಒಂದು ಸಲ ‘ಕುಂದರ್ರಿ’ ಎನ್ನುತ್ತದೆ, ಅದನ್ನು ಕೇಳಿಯೇ ಇವರು ಕುಳಿತುಕೊಳ್ಳುವುದು. ಬೀಡಿ ಮುಗಿಯುವವರೆಗೆ ನನ್ನ ಮುಖ ನೋಡಿದರು.

“ಏನ್ ಬೇಕು ನಿನಗ?”

“ಇನ್ನೊಂದು ಸಭಾ. ಇವತ್ತ. ದಂಡಿಮ್ಯಾಲೆ. ಆದ್ರ ತೊಟ್ಟಲಾ ತರಬೇಕು. ಜಾಗ ತುಂಬಿದ ಮ್ಯಾಲೆ ಹುಟ್ಟಿದ ಕೂಸು ಎಷ್ಟದಾವೋ ಅಷ್ಟೂ ಬರಬೇಕು.”

ನಮ್ಮೂರಿನಲ್ಲಿ ಕೂಸುಗಳನ್ನು ಸೇತುವೆ ದಾಟಿಸುವ ವಾಡಿಕೆ ಇರಲಿಲ್ಲ. ಬಾಣಂತಿಯರು ಕಾಲುವೆಯ ಗಾಳಿಗೆ ಹೆದರುತ್ತಿದ್ದರು, ಉಳಿದವರಿಗೆ ಅದರ ಜರೂರು ಕಂಡಿರಲಿಲ್ಲ. ಹಿಂದಿನ ದಿನ ಸಭೆಗೆ ಬಂದಿದ್ದ ಕೂಸೆಂದರೆ ಶಮಶಾದಳದು ಒಂದೇ, ಅದೂ ಸಭೆಯುದ್ದಕ್ಕೂ ನಿದ್ದೆಯಲ್ಲಿತ್ತು. ನಾನು ಮನೆಮನೆಗೆ ಹೋದೆ. ಬೇಡವೆಂದ ಅತ್ತೆಯರನ್ನು ಬೈದೆ. ಬೈಗುಳ ತಡವಾಗಿ ತಲುಪುತ್ತಿದ್ದುದರಿಂದ ಅವರು ತಿರುಗಿ ಬೈಯುವಷ್ಟರಲ್ಲಿ ನಾನು ಮುಂದಿನ ಮನೆಯಲ್ಲಿರುತ್ತಿದ್ದೆ. ಹೊತ್ತು ಏರುವ ಮುಂಚೆ ಮೆರವಣಿಗೆಯೇ ಹೊರಟಿತು. ತೊಟ್ಟಿಲು ಹೊತ್ತ ಗಂಡಸರು, ಕಂಕುಳಲ್ಲಿ ಕೂಸಿಟ್ಟುಕೊಂಡ ಹೆಂಗಸರು. ಬಿಸಿಲಿಗೆ, ಹಸಿವಿಗೆ, ಎಷ್ಟೋ ಕೂಸುಗಳು ಆಗಲೇ ಮುಖ ಕಿವುಚಿಕೊಂಡು ಅಳುತ್ತಿದ್ದವು, ಆದರೆ ಬೀದಿ ಮೌನವಾಗಿತ್ತು.

ಶಮಶಾದ್ ಎಲ್ಲರಿಗಿಂತ ಮುಂದಿದ್ದಳು. ಅವಳು ಸೇತುವೆಯ ಕೊನೆಯ ಕಲ್ಲು ದಾಟಿದ ಕೂಡಲೆ ಅವಳ ಕೂಸಿನ ಅಳು ಒಮ್ಮೆಲೇ ಗಾಳಿಗೆ ಬಂತು. ಅವಳ ಗಂಡ ಬೆಚ್ಚಿ ಹಿಂದೆ ಸರಿದ. ಅವನಿಗೆ ತನ್ನ ಕೂಸಿನ ದನಿ ಅದೇ ಮೊದಲು. ಆಮೇಲೆ ಎರಡನೆಯದು, ಮೂರನೆಯದು. ಒಂದೊಂದು ತೊಟ್ಟಿಲು ದಾಟಿದ ಹಾಗೆ ಒಂದೊಂದು ಅಳು ಸೇರಿಕೊಳ್ಳುತ್ತ ಹೋಯಿತು. ಒಂದು ಕರ್ಕಶ, ಒಂದು ತೆಳು, ಒಂದು ತಡೆದು ತಡೆದು ಬರುವಂಥದ್ದು. ಗೌಡರ ಮೊಮ್ಮಗನಂತೂ ಕತ್ತೆಯ ಹಾಗೆ ಅರಚಿದ. ಗೌಡರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು. ಅವನು ಇಷ್ಟು ದಿನ ದಿನವಿಡೀ ಹೀಗೆ ಅಳುತ್ತಿದ್ದನೇ ಎಂದು ಸೊಸೆಯನ್ನು ಕೇಳಿದರು.

“ದಿನಾ ಅಳ್ತಾನ್ರಿ ಮಾವಾರ” ಎಂದಳು ಆ ಹುಡುಗಿ. “ನಾನೂ ಅಳ್ತೀನಿ.”

ನಾನು ಒಂದು ಭಾಷಣ ಕಟ್ಟಿಕೊಂಡು ಹೋಗಿದ್ದೆ. ಆ ಗದ್ದಲದಲ್ಲಿ ಅದು ಬೇಕಾಗಲಿಲ್ಲ. ಬೇಕಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ. ಕೂಸುಗಳು ಹಾಲು ಕುಡಿದು ಸುಮ್ಮನಾದ ಮೇಲೆ ಗೌಡರು ಒರೆಸಿ ಹಾಕುವುದಕ್ಕೆ ಕೈ ಎತ್ತಿ ಎಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಿಧಾನವಾಗಿ, ಎತ್ತಿದರು. ಎತ್ತದವರೂ ಇದ್ದರು. ತಾಯಕ್ಕ ಎದ್ದು ಮರದ ಹಿಂದಕ್ಕೆ ಹೋದಳು. ನಾನು ಅವಳ ಹಿಂದೆ ಹೋದೆ.

“ನಿನಗ ಸೊಸಿ ಅದಾಳ, ನಾಳೆ ಮೊಮ್ಮಗಾ ಬರ್ತಾನ” ಎಂದಳು. “ನನಗೇನೈತಿ ಅಂಬಕ್ಕ? ಆ ಗೆಜ್ಜಿ ಬಿಟ್ರ ನನಗೇನೈತಿ?”

ಸಮಾಧಾನ ಹೇಳಲು ಹೋಗಲಿಲ್ಲ. ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು.

“ಏನಿಲ್ಲ” ಎಂದೆ. “ನಿನ್ನ ಕಡಿಂದ ಕಸಗೊಳ್ಳಾಕತ್ತೇನಿ. ಗೊತ್ತಿದ್ದೇ ಕಸಗೊಳ್ಳಾಕತ್ತೇನಿ. ನನ್ನ ಬೈಯಬೇಕಂದ್ರ ಬೈ. ಆದ್ರ ಬಿಡಂಗಿಲ್ಲ ತಾಯಕ್ಕ.”

ಅವಳು ಬೈದಳು. ಬಾಯಿಗೆ ಬಂದದ್ದೆಲ್ಲ ಬೈದಳು, ನನ್ನನ್ನೂ, ಯಜಮಾನರನ್ನೂ, ಹುಟ್ಟದ ಮೊಮ್ಮಗನನ್ನೂ. ನಾನು ನಿಂತು ಕೇಳಿದೆ. ಬೈದು ಬೈದು ಸಾಕಾಗಿ ಅವಳು ನೆಲಕ್ಕೆ ಕುಳಿತಳು. ಆಮೇಲೆ ಮೂಗು ಒರೆಸಿಕೊಂಡು, “ನಾಳೆ ಮುಂಜಾನೆ ಒಂದು ಸಲ ಕೇಳ್ಕೊಂತೀನಿ. ಆಮ್ಯಾಲೆ ಮಾಡು” ಎಂದಳು.

“ನೀ ಬಂದು ಹೇಳೂತನ ನಾ ಕೈ ಹಚ್ಚಂಗಿಲ್ಲ” ಎಂದೆ.

ಆ ಸಂಜೆ ನಾನು ಬಾಗಿಲಲ್ಲಿ ಕುಳಿತೆ, ಇಲ್ಲವೆನ್ನುವುದಿಲ್ಲ. ಆದರೆ ಮಂದಾಳ ಮಂಚವನ್ನು ನನ್ನ ಕಣ್ಣಿಗೆ ಬೀಳುವ ಹಾಗೆ ಎಳೆದು ಹಾಕಿಸಿಕೊಂಡಿದ್ದೆ. ಚಪ್ಪಲಿ ಬಂತು, ಕೆಮ್ಮು ಬಂತು. ನಾನು ಗೋಡೆಗೆ ತಲೆ ಒತ್ತಿ ಅತ್ತೆ. ನಲವತ್ತು ವರ್ಷ ಸಂಸಾರ ಮಾಡಿದವಳು, ಅಳದೆ ಏನು ಮಾಡಲಿ. ಅಂದು ಮಾತ್ರ ನೀರು ಇಡಲು ಏಳಲಿಲ್ಲ.

ಮರುದಿನ ಬೆಳಿಗ್ಗೆ ಸುಂಕದ ಕಟ್ಟೆಯ ಮುಂದೆ ಜನ ಸೇರಿದ್ದರು. ತಾಯಕ್ಕ ಬರುವುದು ತಡವಾಯಿತು. ವಿಶ್ವಜಿತ್ ಎರಡು ಸಲ ಗಡಿಯಾರ ತೋರಿಸಿದ, ನಾನು ಕೈ ಕಟ್ಟಿ ಕುಳಿತೆ. ಕೊನೆಗೆ ಅವಳು ಬಂದಳು. ತಲೆಯ ಮೇಲಿನ ಸೆರಗು ಮುಖದ ಅರ್ಧಕ್ಕೆ ಇಳಿದಿತ್ತು. ಕಿಟಕಿಯ ಹೊರಗೆ ನಿಂತು ಒಂದು ಸಲ ತಲೆಯಾಡಿಸಿದಳು. ನಾನು ಪಾಸ್‌ವರ್ಡ್ ಒತ್ತಿದೆ. ಎಲ್ಲವನ್ನೂ ಒರೆಸಬೇಕೇ ಎಂದು ಪರದೆ ಕೇಳಿತು. ಹೌದು ಎಂದೆ. ಖಂಡಿತವೇ ಎಂದು ಮತ್ತೆ ಕೇಳಿತು. ಮತ್ತೆ ಹೌದು ಎಂದೆ.

ಮೊದಲು ದೂರದ ಗಿಡುಗನ ಕೂಗು ಹೋಯಿತು. ಆಮೇಲೆ ಬಾವಿಯ ಗಡಗಡೆ, ಕಟ್ಟಿಗೆ ಅಡ್ಡೆಯ ಕೊಡಲಿ. ಹೊರಗೆ ನಿಂತವರ ಗುಸುಗುಸು ಒಬ್ಬೊಬ್ಬರದಾಗಿ ನಿಂತಿತು. ನನ್ನ ಬಳೆಗಳು ಮೇಜಿಗೆ ತಾಗಿದರೂ ಸದ್ದಾಗಲಿಲ್ಲ. ಗೌಡರು ಬಾಯಿ ಆಡಿಸಿ ನೋಡಿಕೊಂಡು, ದನಿ ಬರದ್ದನ್ನು ಕಂಡು, ಜನರನ್ನು ಸಾಲಾಗಿ ನಿಲ್ಲಿಸಲು ಎರಡೂ ಕೈ ಬೀಸತೊಡಗಿದರು. ಅಷ್ಟು ದೊಡ್ಡ ಸಾಲನ್ನು ನಾನು ಕಂಡಿರಲಿಲ್ಲ. ಯಾರೋ ಕುಕ್ಕರ್ ತಂದಿದ್ದರು, ಯಾರೋ ಹೊಲಿಗೆ ಯಂತ್ರ ಹೊತ್ತು ತಂದಿದ್ದರು, ಪೂಜಾರಿ ಗಂಟೆಯನ್ನೇ ಬಿಚ್ಚಿಕೊಂಡು ಬಂದಿದ್ದ. ತಾಯಕ್ಕನೂ ಸಾಲು ಸೇರಿದ್ದಳು. ಅವಳ ಮುಷ್ಟಿಯಲ್ಲಿ ಸಣ್ಣ ಎರಡು ಗೆಜ್ಜೆಗಳಿದ್ದವು. ಅವನ್ನು ಅವಳು ಕೈಯಿಂದ ಅಲ್ಲಾಡಿಸಿದರೆ ಅದು ಓಡುವ ಮಗುವಿನ ಸದ್ದಾಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಆದರೂ ನಿಂತಿದ್ದಳು.

ಹೊಸದು ಎದ್ದು ಬಂದು, ಮೊದಲ ದನಿ ಕೊಡಿ ಎಂದು ಪರದೆಯ ಮೇಲೆ ಬರೆದು ತೋರಿಸಿತು. ಪದ್ಧತಿಯ ಪ್ರಕಾರ ಮೊದಲ ದನಿ ಕೋಣೆ ಕಾಯುವವರದು. ವಿಶ್ವಜಿತ್ ಮೈಕನ್ನು ನನ್ನ ಕಡೆ ತಿರುಗಿಸಿದ. ನಾನು ಅದನ್ನು ಬಾಗಿಲ ಕಡೆ ತಿರುಗಿಸಿ ಮಂದಾಳನ್ನು ಕೈ ಮಾಡಿ ಕರೆದೆ. ಶಿವಪುತ್ರ ಅವಳನ್ನು ತೋಳು ಹಿಡಿದು ಒಳಗೆ ತಂದ.

ಅವಳು ದೇವರ ಹೆಸರು ಹೇಳುತ್ತಾಳೆ, ಇಲ್ಲವೇ ತವರನ್ನು ನೆನೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೈಕಿನತ್ತ ಬಗ್ಗಲು ನೋಡಿದಳು, ಹೊಟ್ಟೆ ಅಡ್ಡ ಬಂತು. ಮೇಜಿಗೂ ಗೋಡೆಗೂ ನಡುವಿನ ಜಾಗವನ್ನು ನಾನು ಕುರ್ಚಿ ಹಾಕಿಕೊಂಡು ತುಂಬಿದ್ದೆ. ಒಮ್ಮೆ ಮೈಕ್ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

“ಅತ್ತಿ, ಸ್ವಲ್ಪ ಸರೀರಿ. ನನಗ ನಿಲ್ಲಾಕ ಜಾಗ ಆಗವಲ್ದು.”

ಊರೆಲ್ಲ ಸದ್ದಿಲ್ಲದೆ ನಿಂತಿದ್ದಾಗ ಆ ದನಿ ಕೋಣೆ ತುಂಬಿ, ಕಿಟಕಿಯಿಂದ ಹೊರಗೆ ಹೋಗಿ, ಸಾಲಿನ ಕೊನೆಯವರೆಗೂ ಮುಟ್ಟಿತು. ಸಂತೆಯಲ್ಲಿ ಕೂಗಿ ಮಾರುವವರ ಮನೆಯ ದನಿ, ತುಂಬಿದ ದನಿ. ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. ನಾನು ಎದ್ದೆ, ಕುರ್ಚಿಯನ್ನು ಅವಳ ಕಡೆ ದೂಡಿ ಗೋಡೆಗೆ ಸರಿದು ನಿಂತೆ. ಅವಳು ಆರಾಮಾಗಿ ಕುಳಿತಳು. ಕುಳಿತು ಮಾತಾಡಿದಳು. ಬಚ್ಚಲಿನ ಕಲ್ಲು ಜಾರುತ್ತದೆ ಎಂದು ತಾನು ಎಷ್ಟು ದಿನದಿಂದ ಹೇಳುತ್ತಿದ್ದೇನೆ ಎಂಬಲ್ಲಿಂದ ಹಿಡಿದು, ನನ್ನ ಸಾರಿನ ಉಪ್ಪಿನವರೆಗೆ, ಶಿವಪುತ್ರ ಊಟಕ್ಕೆ ಕುಳಿತರೆ ತಲೆ ಎತ್ತುವುದಿಲ್ಲ ಎಂಬುದರವರೆಗೆ ಬಂದಳು. ಶಿವಪುತ್ರ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದ, ಅವನ ಕಣ್ಣು ಒದ್ದೆಯಾಗಿದ್ದವು.

ಕಂಪ್ಯೂಟರ್ ಹೆಸರು ಕೇಳುತ್ತಿತ್ತು. ಹೆಸರು ಹೇಳದಿದ್ದರೆ ಮುಂದಿನವರ ಸರದಿ ಬರುವುದಿಲ್ಲ. ಹೆಸರು ಹೇಳವ್ವಾ, ಜನ ಕಾಯುತ್ತಿದ್ದಾರೆ ಎಂದೆ. ಎಂದೆನೇ ಹೊರತು ನನ್ನ ಬಾಯಿಂದ ಏನೂ ಬರಲಿಲ್ಲ. ನನ್ನ ದನಿಯನ್ನು ನಾನೇ ಒರೆಸಿದ್ದೆನಲ್ಲ. ಜೋರಾಗಿ ಎಂದೆ, ಆಗಲೂ ಬರಲಿಲ್ಲ. ಮಂದಾ ಮಾತು ನಿಲ್ಲಿಸಿ ನನ್ನ ತುಟಿಗಳನ್ನು ನೋಡಿದಳು. ಬೆನ್ನು ತಿರುಗಿಸಲಿಲ್ಲ. ಪೂರ್ತಿ ಓದಿಕೊಂಡಳು.

“ಹೇಳ್ತೀನಿ, ತಡೀರಿ ಅತ್ತಿ” ಎಂದಳು. “ಮೊದಲ ನನ್ನ ಮಾತು ಮುಗೀಲಿ.”

ಹೊರಗೆ ಊರೆಲ್ಲ ಸಾಲಿನಲ್ಲಿ ನಿಂತಿತ್ತು. ನಾನೂ ಹೋಗಿ ತಾಯಕ್ಕನ ಹಿಂದೆ ನಿಂತೆ.